ಕೆಂಪು ದಾರದ ಬೋಗುಣಿ

ಎರಡನೆಯ ಸಲವೂ ಮೂರನೆಯ ತಿಂಗಳಿಗೇ ಗರ್ಭ ಇಳಿದುಹೋದಾಗ ನಮ್ಮ ಅತ್ತೆ ನನ್ನನ್ನು ಬೈಯಲಿಲ್ಲ, ಅಳಲೂ ಇಲ್ಲ. ನಾನು ಹಾಸಿಗೆ ಬಿಟ್ಟೆದ್ದ ದಿನ ಬೆಳಿಗ್ಗೆ ಬಿಸಿ ಗಂಜಿಯ ಬಟ್ಟಲು ಕೈಗೆ ಕೊಟ್ಟು, ಎದುರಿಗೆ ಕೂತು, ಒಂದೇ ಒಂದು ಪ್ರಶ್ನೆ ಕೇಳಿದರು.

"ಈ ವರ್ಷ ಎಷ್ಟು ಕಪ್ಪೆ ಕುಯ್ದೆ, ಹೇಳಮ್ಮ."

ನಾನು ಹಾಸನದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಹುಡುಗರಿಗೆ ಕಪ್ಪೆ ಕೊಯ್ದು ತೋರಿಸುವುದು ನನ್ನ ಪಾಲಿನ ಕೆಲಸ. ಹುಟ್ಟಿದ್ದು ಬಾಗೂರಿನ ಒಂದು ಜೈನರ ಮನೆ, ಸೇರಿದ್ದು ಹಾಸನದ ಜೈನರ ಮನೆ. ಎರಡೂ ಕಡೆ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರು ನಾಲಿಗೆಗೆ ತಾಕುವಂತಿಲ್ಲ, ದೀಪಕ್ಕೆ ಹುಳ ಬಿದ್ದೀತೆಂದು ಗಾಜಿನ ಮುಚ್ಚಳ. ಇಂಥ ಮನೆಯ ಹೆಣ್ಣು ಹೋಗಿ ಹೋಗಿ ಪ್ರಾಣಿಶಾಸ್ತ್ರ ಹಿಡಿದಳಲ್ಲ ಎಂದು ನೆಂಟರೆಲ್ಲ ಆಡಿಕೊಂಡಿದ್ದರು. ನಮ್ಮಪ್ಪ ಮಾತ್ರ ಅದು ಪ್ರಾಣಿಗಳನ್ನು ಸಾಕುವ ಶಾಸ್ತ್ರವೆಂದು ತಿಳಿದಿದ್ದರೆಂದು ಕಾಣುತ್ತದೆ. ನಾನೂ ತಿದ್ದಲು ಹೋಗಿರಲಿಲ್ಲ.

ಅತ್ತೆಗೆ ಸುಳ್ಳು ಹೇಳಬಹುದಿತ್ತು. ಆದರೆ ನನಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. "ನೂರರ ಮೇಲಾಗಿರಬಹುದು" ಎಂದು ಬಟ್ಟಲನ್ನು ಟಕ್ಕನೆ ಕೆಳಗಿಟ್ಟೆ. ಅವರು ಮೆಲ್ಲಗೆ ತಲೆಯಾಡಿಸಿದರು. ಬಹಳ ದಿನದಿಂದ ಹುಡುಕುತ್ತಿದ್ದ ಸಾಮಾನು ಸಿಕ್ಕಿದವರ ಹಾಗೆ ಅವರ ಮುಖ ತಿಳಿಯಾಯಿತು. ಆ ತಿಳಿ ಮುಖ ನೋಡಿಯೇ ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಅವರು ಕೆಟ್ಟವರಲ್ಲ, ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಇರುವೆ ಸಾಲು ಕಂಡರೆ ಬಾಗಿಲ ಬಳಿ ನಿಂತು ಅದು ದಾಟುವವರೆಗೆ ಕಾಯುವ ಹೆಂಗಸು. ನನಗೆ ಜ್ವರ ಬಂದರೆ ಅವರ ನಿದ್ದೆ ಹಾರುತ್ತಿತ್ತು. ಅದಕ್ಕೇ, ಕಪ್ಪೆ ಕೊಂದ ಪಾಪಕ್ಕೆ ಗರ್ಭ ನಿಲ್ಲುತ್ತಿಲ್ಲವೆಂಬ ಅವರ ನಂಬಿಕೆ ನನಗೆ ಅಷ್ಟು ಚುಚ್ಚುತ್ತಿದ್ದದ್ದು. ನನ್ನ ಗಂಡ ಅರಕಲಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರು. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬರುವರು. ಈ ವಿಷಯ ಎತ್ತಿದರೆ ನನಗೆ "ಅಮ್ಮನ್ನ ಕೇಳು" ಎನ್ನುವರು, ಅಮ್ಮನಿಗೆ "ಅವಳನ್ನ ಕೇಳು" ಎನ್ನುವರು, ಆಮೇಲೆ ಪೇಪರು ಹಿಡಿದು ಕೂರುವರು.

ಮರುವರ್ಷ ಆಷಾಢದ ಹೊತ್ತಿಗೆ ನಾನು ಮೂರನೆಯ ಸಲ ಬಸುರಿಯಾಗಿದ್ದೆ. ಎರಡು ತಿಂಗಳು ತುಂಬಿತ್ತು. ನನಗೂ ಅತ್ತೆಗೂ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಅದರ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ಹೊರಗೆ ಬಂದಾಗಲೆಲ್ಲ ಅವರು ನನ್ನ ಮುಖ ನೋಡುವರು, ನಾನು ಏನೂ ಇಲ್ಲವೆಂದು ತಲೆಯಾಡಿಸುವೆ, ಅವರು ಮತ್ತೆ ಒಲೆಯ ಕಡೆ ತಿರುಗುವರು. ದಿನಕ್ಕೆ ಏಳೆಂಟು ಸಲ ಇದೇ. ಒಂದು ಶುಕ್ರವಾರ ಸಂಜೆ ಅವರು ಒಂದು ಬಿಳಿ ಹಾಳೆಯನ್ನೂ ನನ್ನ ಪೆನ್ನನ್ನೂ ತಂದು ಮುಂದಿಟ್ಟರು.

"ಸೋಮವಾರ ಚಾತುರ್ಮಾಸ ಶುರು. ಅವತ್ತು ಬಸದೀಲಿ ನಿಯಮ ತಗೋ, ಇನ್ನು ಕಪ್ಪೆ ಮುಟ್ಟಲ್ಲ ಅಂತ. ಕೆಲಸ ಬಿಟ್ಟೆ ಅಂತ ಇದರಲ್ಲಿ ಬರಿ. ದೇವರ ಪೆಟ್ಟಿಗೆ ಕೆಳಗೆ ಇಟ್ಟಿರ್ತೀನಿ. ನಿನ್ನ ಒಳ್ಳೇದಕ್ಕೇ ಕಣಮ್ಮ."

ಸಿಟ್ಟಿನ ಭರದಲ್ಲಿ ಬರೆದೇಬಿಟ್ಟೆ. ತಾರೀಖು ಮಾತ್ರ ಹಾಕಲಿಲ್ಲ. ಆ ಕೆಲಸವನ್ನು ನಾನು ಯಾರ ಶಿಫಾರಸೂ ಇಲ್ಲದೆ ಗಿಟ್ಟಿಸಿಕೊಂಡಿದ್ದೆ. ಬೆಳಿಗ್ಗೆ ಸೀರೆಗೆ ಪಿನ್ನು ಹಾಕಿಕೊಂಡು ಕಾಲೇಜಿನ ಗೇಟು ದಾಟುವಾಗ ಮಾತ್ರ ನಾನು ನಾನಾಗಿರುತ್ತಿದ್ದೆ. ಅದು ಹೋದರೆ ಉಳಿಯುವುದು ಬಚ್ಚಲಿನಿಂದ ಬಂದು ತಲೆಯಾಡಿಸುವ ಹೆಂಗಸು ಒಬ್ಬಳೇ.

ಆಗ ನನ್ನ ತಲೆಯಲ್ಲಿ ಬೇರೊಂದು ವಿಷಯ ಓಡುತ್ತಿತ್ತು. ಕಾಲೇಜಿನ ಲೈಬ್ರರಿಗೆ ವಿದೇಶದ ಪತ್ರಿಕೆಯೊಂದು ಬರುತ್ತಿತ್ತು. ಅದರಲ್ಲಿ ಒಂದು ಜಾತಿಯ ಕಪ್ಪೆಯ ಮೊಟ್ಟೆಗೆ ಇನ್ನೊಂದು ಜಾತಿಯ ಗಂಡಿನ ಬೀಜ ಕೂಡಿಸಿದ ವಿಚಾರ ಬಂದಿತ್ತು. ಹಾಗೆ ಕೂಡಿಸಿದ ಮೊಟ್ಟೆ ಸಾಯುವುದಿಲ್ಲ. ಎರಡಾಗುತ್ತದೆ, ನಾಲ್ಕಾಗುತ್ತದೆ, ನೂರಾರು ಕಣಗಳ ಚೆಂಡಾಗುತ್ತದೆ. ನೋಡಿದವರು ಇದಕ್ಕೆ ಏನೂ ಊನವಿಲ್ಲ ಎನ್ನಬೇಕು, ಹಾಗೆ ಬೆಳೆಯುತ್ತದೆ. ಆಮೇಲೆ ಒಂದು ಗೊತ್ತಾದ ಹೊತ್ತಿಗೆ, ಚೆಂಡು ತನ್ನನ್ನು ತಾನೇ ಒಳಕ್ಕೆ ಮಡಚಿಕೊಂಡು ಮರಿಯ ಆಕಾರ ಹಿಡಿಯಬೇಕಾದ ಹೊತ್ತಿಗೆ, ಅಲ್ಲಿಗೇ ನಿಂತುಬಿಡುತ್ತದೆ. ಆ ಹೊತ್ತಿನವರೆಗೆ ಮೊಟ್ಟೆ ನಡೆಯುವುದು ತಾಯಿ ಅದರೊಳಗೆ ಮೊದಲೇ ತುಂಬಿಟ್ಟ ಸರಕಿನ ಮೇಲೆ. ಅಲ್ಲಿಂದ ಮುಂದೆ ಭ್ರೂಣದ ಸ್ವಂತ ಜೀನುಗಳು ಎಚ್ಚತ್ತು ಕೆಲಸ ಹಿಡಿಯಬೇಕು. ಹೊಂದದ ಜೋಡಿಯಲ್ಲಿ ಅವು ಕೆಲಸ ಹಿಡಿಯುವುದಿಲ್ಲ. ಇಷ್ಟು ಓದಿ ನಾನು ಪತ್ರಿಕೆಯನ್ನು ಮುಚ್ಚಿದೆ, ಮತ್ತೆ ತೆರೆದು ಅದೇ ಪುಟ ಓದಿದೆ. ಎರಡು ಸಲ ನನ್ನನ್ನು ನೋಡಿದ ಲೇಡಿ ಡಾಕ್ಟರು ಎರಡು ಸಲವೂ "ದೇವರಿಚ್ಛೆ" ಎಂದಿದ್ದರು. ತಾಯಿಯದು ಏನೂ ತಪ್ಪಿಲ್ಲದೆಯೂ ಭ್ರೂಣ ನಿಂತುಹೋಗಬಹುದು ಎಂದು ನನಗೆ ಮೊದಲು ಹೇಳಿದ್ದು ಆ ಪುಟ.

ನಮ್ಮ ವಿಭಾಗದ ಮುಖ್ಯಸ್ಥರಿಗೂ ಆ ಲೇಖನ ಹಿಡಿಸಿತ್ತು. ಅವರು ಹೊಳೆನರಸೀಪುರದ ದೇವಸ್ಥಾನದ ಮನೆತನದವರು, ಮಾತು ಕಡಿಮೆ, ಕೊಂಕು ಜಾಸ್ತಿ. ಮಳೆ ಬಿದ್ದು ಕಪ್ಪೆಗಳು ಕೂಡುವ ಕಾಲ ಬಂದಾಗ ನಮ್ಮೂರ ಕಪ್ಪೆಗಳಲ್ಲೇ ಇದನ್ನು ಮಾಡಿನೋಡಿ ಎಂದಿದ್ದರು. ಹೀಗಾಗಿ ಆ ಶನಿವಾರಕ್ಕೆ ಎಲ್ಲ ಸಿದ್ಧವಾಗಿತ್ತು. ರಾಜೀನಾಮೆ ಬರೆದ ಕೈಯನ್ನೇ ಅತ್ತೆಯ ಮುಂದೆ ಚಾಚಿದೆ.

"ಅತ್ತೆಮ್ಮ, ಪಾಪ ಇರೋದು ಈ ಕೈಯಲ್ಲಿ ಅಲ್ವಾ?"

"ಮತ್ತೆಲ್ಲಿ? ಮಾಡಿದ ಕೈಯಲ್ಲೇ."

"ಹಂಗಾದ್ರೆ ಈ ಕೈ ಮುಟ್ಟಿದ ಮೊಟ್ಟೆ ಎಲ್ಲಾ ಹಾಳಾಗಬೇಕು. ನಾಳೆ ಎರಡು ಬೋಗುಣೀಲಿ ಕಪ್ಪೆ ಮೊಟ್ಟೆ ತರ್ತೀನಿ. ಎರಡಕ್ಕೂ ತಾಯಿ ಒಬ್ಬಳೇ, ನೀರು ಒಂದೇ, ಕೈ ಒಂದೇ. ತಂದೆ ಮಾತ್ರ ಬೇರೆ. ಒಂದು ಬೋಗುಣಿ ನಿಂತುಹೋಗುತ್ತೆ, ಇನ್ನೊಂದು ಬದುಕುತ್ತೆ. ಎರಡೂ ಸತ್ತರೆ ಆ ಕಾಗದಕ್ಕೆ ತಾರೀಖು ಹಾಕ್ತೀನಿ. ಒಂದು ಬದುಕಿದರೆ ನೀವು ಇನ್ನೊಂದು ಸಲ ಕಪ್ಪೆ ಮಾತು ಎತ್ತಬಾರದು."

ಅತ್ತೆ ಹಾಳೆಯನ್ನು ಮಡಚಿದರು. "ಇದಕ್ಕೆ ಕಪ್ಪೆ ಸಾಯಿಸ್ತೀಯಾ?"

"ನಾನು ಸಾಯಿಸಲ್ಲ" ಎಂದೆ. ಅಕ್ಷರಶಃ ನಿಜ, ಒಳಗೆಲ್ಲ ಸುಳ್ಳು. ಗಂಡಿನ ಬೀಜ ತೆಗೆಯಬೇಕಾದರೆ ಗಂಡು ಸಾಯಲೇಬೇಕು. ಅದನ್ನು ಅಟೆಂಡರ್ ಮಾಡುವವನಿದ್ದ. ನಮ್ಮ ಧರ್ಮದಲ್ಲಿ ಮಾಡಿದರೂ, ಮಾಡಿಸಿದರೂ, ಮಾಡಿದ್ದಕ್ಕೆ ಸರಿಯೆಂದರೂ ಪಾಪ ಸಮಸಮ ಎಂದು ಐದು ವರ್ಷದ ಮಗುವಿಗೂ ಗೊತ್ತು. ಅತ್ತೆ ಮುಂದಕ್ಕೆ ಕೇಳಲಿಲ್ಲ.

ಶನಿವಾರ ಅರ್ಧ ದಿನದ ಕಾಲೇಜು. ದುದ್ದದಿಂದ ಬರುತ್ತಿದ್ದ ನಮ್ಮ ಅಟೆಂಡರ್, ಐವತ್ತು ದಾಟಿದವನು, ಒದ್ದೆ ಗೋಣಿಚೀಲ ತಂದು ಮೇಜಿನ ಮೇಲಿಟ್ಟ.

"ಅಮ್ಮಾವ್ರೇ, ಎಣ್ಣು ಒಂದು, ಗಂಡು ಎಲ್ಡು. ಈ ದೊಡ್ಡ ಗಂಡು ನೋಡಿ, ಅರಿಸ್ನ ಬಳ್ಕಂಡು ಮದ್ವೆಗೆ ಒಂಟಂಗೆ ಅವ್ನೆ. ಇನ್ನೊಬ್ಬ ಗದ್ದೆ ಕಪ್ಪೆ, ಸಣ್ಣೋನು. ಈ ಎಣ್ಣಿಗೂ ಅವನಿಗೂ ಎಂಗೆ ಸರೋಯ್ತದೆ?"

"ಸರಿಹೋಗಲ್ಲ ಅಂತ ತೋರಿಸೋಕೇ ತರಿಸಿದ್ದು."

"ಗೊತ್ತಿದ್ದೂ ಮದ್ವೆ ಮಾಡ್ಸೋದಾ? ಅಯ್ಯೋ ಬುಡಿ ಅತ್ಲಾಗೆ" ಎಂದು ಅವನು ಗಂಡುಗಳೆರಡನ್ನೂ ಹಿಡಿದು ಕಿಟಕಿಯ ಪಕ್ಕಕ್ಕೆ ಹೋದ. ನಾನು ಗೋಡೆಯ ಕಡೆ ತಿರುಗಿ ನಿಂತೆ. ನೂರು ಕೊಯ್ದವಳಿಗೆ ಅವತ್ತು ಎರಡನ್ನು ನೋಡಲಾಗಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ದೊಡ್ಡ ಹೆಣ್ಣುಕಪ್ಪೆಯ ಹೊಟ್ಟೆಯನ್ನು ಮೆತ್ತಗೆ ಒತ್ತಿ ಎರಡು ಪಿಂಗಾಣಿ ಬೋಗುಣಿಗಳಿಗೆ ಮೊಟ್ಟೆ ಇಳಿಸಿಕೊಂಡೆ. ಒಂದಕ್ಕೆ ಅದೇ ಜಾತಿಯ ಹಳದಿ ಗಂಡಿನ ಬೀಜ, ಇನ್ನೊಂದಕ್ಕೆ ಗದ್ದೆ ಕಪ್ಪೆಯದು. ಹೆಣ್ಣನ್ನು ಬದುಕಿಸಿ ಕೆರೆಗೆ ಬಿಡುವಂತೆ ಅಟೆಂಡರ್ ಕೈಗೆ ಕೊಟ್ಟೆ. ಎರಡು ತಾಸಿನಲ್ಲಿ ಮೊಟ್ಟೆಗಳ ನಡುವೆ ಗೆರೆ ಮೂಡಿತು, ಎರಡೂ ಕಡೆ ಒಂದೇ ಥರ. ಸರಿಯಾಗಿ ಸೀಳಿದವನ್ನು ಗಾಜಿನ ನಳಿಗೆಯಲ್ಲಿ ಹೆಕ್ಕಿ ಬೋಗುಣಿಗೆ ನಲವತ್ತರಂತೆ ಉಳಿಸಿದೆ. ಸ್ವಜಾತಿಯದಕ್ಕೆ ಬಿಳಿ ದಾರ ಸುತ್ತಿದೆ, ಬೆರಕೆಯದಕ್ಕೆ ಕೆಂಪು ದಾರ. ಮುಖ್ಯಸ್ಥರು ರೈಲು ಹಿಡಿಯುವ ಆತುರದಲ್ಲಿದ್ದರು. "ಮನೆಗೆ ಒಯ್ಯುವುದಾದರೆ ಒಯ್ಯಿರಿ, ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು" ಎಂದು ಬೀಗದ ಕೈ ಜೇಬಿಗಿಳಿಸಿದರು.

ಬೋಗುಣಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಯವರೆಗೆ ನಡೆದೆ. ಒಂದು ಸೈಕಲ್ಲು ಹತ್ತಿರ ಬಂದರೂ ಬುಟ್ಟಿಯನ್ನು ಅವಚಿಕೊಂಡು ಬದಿಗೆ ಸರಿಯುತ್ತಿದ್ದೆ. ಇಂಥ ಮೊಟ್ಟೆಗಳು ಎಷ್ಟು ಸುಲಭವಾಗಿ ಕೆಡುತ್ತವೆಂದು ಅತ್ತೆಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು. ನೀರು ಸ್ವಲ್ಪ ಬೆಚ್ಚಗಾದರೆ ಸಾಕು, ಒಂದು ಹನಿ ಸೋಪಿನ ನೀರು ಸಿಡಿದರೆ ಸಾಕು, ಎರಡೂ ಬೋಗುಣಿ ಒಟ್ಟಿಗೆ ಹೋಗುತ್ತಿದ್ದವು. ಹಾಗಾದರೆ ಕಪ್ಪೆಯ ಶಾಪವೇ ಗೆದ್ದಂತೆ. ಸಿಟ್ಟಿನಲ್ಲಿ ಇಂಥ ಪಣ ಕಟ್ಟಿದ ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ.

ಹಿತ್ತಿಲ ಜಗಲಿಯ ತಂಪಿನಲ್ಲಿ ಒದ್ದೆ ಮರಳು ಹರಡಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಬಾಗಿಲ ಬಳಿಯೇ ಕೂತು ಬೆಳಕಿರುವಾಗಲೇ ಊಟ ಮುಗಿಸಿದೆವು. ನಾನು ಪಾತ್ರೆ ತೊಳೆಯಲು ಹೋದೆ. ಬರುವಷ್ಟರಲ್ಲಿ ಅತ್ತೆ ಭೂತಗನ್ನಡಿ ಹಿಡಿದು ಬೋಗುಣಿಗಳ ಮೇಲೆ ಬಾಗಿದ್ದರು.

"ನಾಲ್ಕಾಗಿದೆ ಕಣಮ್ಮ! ಕೊಬ್ಬರಿ ಮಿಠಾಯಿ ಕುಯ್ದಂಗೆ, ಎಷ್ಟು ಸಮವಾಗಿ! ಇದಕ್ಕೆಲ್ಲ ಯಾರು ಹೇಳಿಕೊಡ್ತಾರೆ?"

ಪಕ್ಕದಲ್ಲಿ ಕೂತು ಹೇಳಿದೆ. "ಈಗ ಯಾರೂ ಹೇಳಿಕೊಡ್ತಿಲ್ಲ ಅತ್ತೆಮ್ಮ. ತಾಯಿ ಮೊದಲೇ ಬುತ್ತಿ ಕಟ್ಟಿಕೊಟ್ಟಿದ್ದಾಳೆ. ಅದರ ಮೇಲೆ ನಾಳೆ ಬೆಳಿಗ್ಗೆ ತನಕ ನಡೆಯುತ್ತೆ. ಆಮೇಲೆ ಇವು ತಾವೇ ಒಲೆ ಹಚ್ಚಿ ಅಡಿಗೆ ಮಾಡ್ಕೋಬೇಕು."

"ಇಷ್ಟು ಸಣ್ಣದರಲ್ಲಿ ಅಡಿಗೆಗೆ ಸಾಮಾನು ಎಲ್ಲಿದೆ?"

"ಪ್ರತಿ ಕಣದಲ್ಲೂ ಎಲ್ಲಾ ಇದೆ. ಕಣ್ಣಾಗೋದಕ್ಕೆ ಬೇಕಾದ್ದು, ಕಾಲಾಗೋದಕ್ಕೆ ಬೇಕಾದ್ದು, ಎಲ್ಲಾ ಡಬ್ಬೀನೂ ಎಲ್ಲಾ ಮನೇಲೂ ಇದೆ. ಯಾವ ಮನೇಲಿ ಯಾವ ಡಬ್ಬಿ ಯಾವಾಗ ತೆಗೀಬೇಕು, ಯಾವುದನ್ನ ಮುಚ್ಚಿಡಬೇಕು, ಅದೇ ಕಷ್ಟದ್ದು. ಈ ಕೆಂಪು ದಾರದವರಲ್ಲಿ ಅರ್ಧ ಡಬ್ಬಿ ಒಂದು ಜಾತೀದು, ಅರ್ಧ ಇನ್ನೊಂದು ಜಾತೀದು. ತೆಗಿ ಅಂತ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯಲ್ಲ. ಬುತ್ತಿ ಮುಗಿಯುತ್ತೆ, ಒಲೆ ಹತ್ತಲ್ಲ."

ಅತ್ತೆ ಕೆಂಪು ದಾರವನ್ನೇ ನೋಡುತ್ತ ಕೂತರು. "ಪಾಪ, ಇವಕ್ಕೆ ಇನ್ನೂ ಗೊತ್ತೇ ಇಲ್ಲ" ಎಂದರು. ಅವರ ದನಿಯಲ್ಲಿ ನನ್ನ ಮೇಲೆ ಆಕ್ಷೇಪಣೆ ಇತ್ತು. ನನಗೂ ನಾಚಿಕೆಯಾಯಿತು. ನಾನು ಗೆಲ್ಲಬೇಕಾದರೆ ಆ ನಲವತ್ತು ಸಾಯಬೇಕಿತ್ತು.

ಭಾನುವಾರ ಬೆಳಗಿನ ಬೆಳಕು ಹರಿಯುತ್ತಲೇ ಹಿತ್ತಿಲಿಗೆ ಓಡಿದೆ. ಅತ್ತೆ ಆಗಲೇ ಎದ್ದು ಬಾವಿಯ ಬಳಿ ನೀರು ಸೋಸುವ ಬಟ್ಟೆ ಹಿಂಡುತ್ತಿದ್ದರು. ಭೂತಗನ್ನಡಿ ಎತ್ತಿಕೊಂಡೆ. ಮೊಣಕೈಯನ್ನು ಮರಳಿಗೆ ಊರಿ ನೋಡಿದೆ. ಬಿಳಿ ದಾರದ ಬೋಗುಣಿಯಲ್ಲಿ ಪ್ರತಿಯೊಂದು ಚೆಂಡಿನ ಒಂದು ಬದಿಗೆ ಉಗುರಿನಿಂದ ಒತ್ತಿದಂಥ ಸಣ್ಣ ಬಾಗಿದ ಗುರುತು ಮೂಡಿತ್ತು. ಚೆಂಡು ಒಳಕ್ಕೆ ಮಡಚಿಕೊಳ್ಳಲು ಶುರುಮಾಡುವ ಜಾಗ ಅದು. ಬದುಕಿದ್ದವು. ಕೆಂಪು ದಾರದ ಕಡೆ ತಿರುಗಿದೆ. ನುಣ್ಣನೆಯ ಚೆಂಡು, ಮತ್ತೊಂದು ನುಣ್ಣನೆಯ ಚೆಂಡು, ಗುರುತೇ ಇಲ್ಲ. ನಿಂತಿದ್ದವು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬೋಗುಣಿಯ ಅಂಚಿನಲ್ಲಿ ಒಂದಕ್ಕೆ ಉಗುರಿನ ಗುರುತು ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದಕ್ಕೆ. ಆಚೆ ಮತ್ತೊಂದಕ್ಕೆ.

ಮೂರು. ನಿಲ್ಲಲೇಬೇಕಾದ ಬೋಗುಣಿಯಲ್ಲಿ ಮೂರು ದಾಟಿದ್ದವು.

"ಅತ್ತೆಮ್ಮ" ಎಂದು ಕೂಗಿದ ನನ್ನ ದನಿ ಕೇಳಿ ಅವರು ಬಟ್ಟೆ ಬಿಟ್ಟು ಓಡಿಬಂದರು. ಎರಡೂ ಬೋಗುಣಿ ತೋರಿಸಿದೆ. ಅವರು ನೋಡಿದರು, ಕಣ್ಣೊರೆಸಿಕೊಂಡು ಮತ್ತೆ ನೋಡಿದರು. "ಇವು ನಡೀತಿವೆ. ಇವು ನಿಂತವು. ನೀನು ಹೇಳಿದಂಗೇ ಆಯ್ತು" ಎಂದರು. ಆಮೇಲೆ ಮೆಲ್ಲನೆ, "ಆದ್ರೆ ಈ ಮೂರು ನೋಡು, ಹೆಂಗೋ ಒಲೆ ಹಚ್ಕೊಂಡಿವೆ."

ಪಣದ ಮಾತು ಇಬ್ಬರೂ ಎತ್ತಲಿಲ್ಲ. ಅವರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ತಕ್ಷಣ ಬೇರೆ ಕಡೆ ನೋಡಿದರು. ನನ್ನ ಕೈಯೂ ಅಲ್ಲೇ ಇತ್ತು.

ಭಾನುವಾರವಿಡೀ ನಾನು ಹಿತ್ತಿಲು ಬಿಟ್ಟೇಳಲಿಲ್ಲ. ಒಂದು ಕಡೆ, ಯಾರೂ ಕಾಣದ್ದನ್ನು ಕಂಡೆನೇನೋ ಎಂಬ ದುರಾಸೆ. ಹೊಂದದ ಜೋಡಿಯಲ್ಲೂ ಕೆಲವು ಭ್ರೂಣಗಳ ಜೀನುಗಳು ಹೇಗೋ ದಾರಿ ಕಂಡುಕೊಳ್ಳುತ್ತವೆ ಎಂದಾದರೆ ಅದು ಸಣ್ಣ ಮಾತಲ್ಲ. ಇನ್ನೊಂದು ಕಡೆ, ಹೇಳಲು ನಾಚಿಕೆ, ನಾನೇ ಒಳಗೊಳಗೆ ಬೇರೊಂದು ಪಣ ಕಟ್ಟಿಬಿಟ್ಟಿದ್ದೆ. ಈ ಮೂರು ಉಳಿದರೆ ನನ್ನದೂ ಉಳಿಯುತ್ತದೆ. ಅತ್ತೆಯ ಶಾಪದ ಮಾತಿಗೆ ಮೂಗು ಮುರಿದವಳು, ಎಂಎಸ್ಸಿ ಓದಿದವಳು, ಕಪ್ಪೆಯ ಮೊಟ್ಟೆ ನೋಡಿ ಶಕುನ ಕೇಳುತ್ತ ಕೂತಿದ್ದೆ. ಪ್ರತಿ ಅರ್ಧ ಗಂಟೆಗೆ ಆ ಮೂರನ್ನು ನೋಡುವೆ. ಮಿಕ್ಕವನ್ನು ನೋಡಲೇ ಇಲ್ಲ, ಎಣಿಸಲಂತೂ ಇಲ್ಲ. ನಾನೇ ನಲವತ್ತು ಇಟ್ಟವಳು, ಎಣಿಸುವುದೇನಿದೆ? ಸಂಜೆಗೆ ಮೂರರ ಬೆನ್ನ ಮೇಲೂ ಮುಂದೆ ಬೆನ್ನುಹುರಿಯಾಗುವ ಎರಡು ಏಣುಗಳು ಏಳತೊಡಗಿದವು. ಉಳಿದವು ಜೆಲ್ಲಿಯೊಳಗೆ ಬಿಳಿಚಿಕೊಂಡವು.

ಸೋಮವಾರ ಬೆಳಿಗ್ಗೆ ಅತ್ತೆ ಬಸದಿಗೆ ಹೊರಟರು. ನಾನು ಬುಟ್ಟಿ ಹಿಡಿದು ಕಾಲೇಜಿಗೆ ಹೊರಟೆ. "ಆ ಮೂರನ್ನ ಹುಷಾರಾಗಿ ಹಿಡ್ಕೊಂಡು ಹೋಗು" ಎಂದರು. ನಿಯಮದ ಮಾತು ಅವರ ಬಾಯಲ್ಲಿ ಬರಲಿಲ್ಲ.

ಮುಖ್ಯಸ್ಥರು ಕೆಂಪು ದಾರದ ಬೋಗುಣಿಯನ್ನು ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮತ್ತೊಮ್ಮೆ ನೋಡಿದರು. "ಮೈಸೂರು ಯೂನಿವರ್ಸಿಟಿಗೆ ಬರೆಯಬೇಕಲ್ಲಮ್ಮ ಇದನ್ನು" ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಕಾಲೇಜಿನ ಹೆಸರಿದ್ದ ಕಾಗದ ಎಳೆದುಕೊಂಡು, ಪೆನ್ನಿನ ಟೋಪಿ ತೆಗೆದು, ತಲೆಯೆತ್ತದೆ ಕೇಳಿದರು.

"ಎಷ್ಟು ಇಟ್ಟಿದ್ದಿರಿ?"

"ಒಂದೊಂದರಲ್ಲಿ ನಲವತ್ತು, ಸಾರ್."

"ನಲವತ್ತರಲ್ಲಿ ಮೂರು. ನಿಂತವು ಮೂವತ್ತೇಳು" ಎಂದು ಬರೆದುಕೊಂಡು, ಅಭ್ಯಾಸಬಲದಿಂದ ನಳಿಗೆ ಹಿಡಿದು ಒಂದೊಂದನ್ನೇ ಪಕ್ಕದ ತಟ್ಟೆಗೆ ದಾಟಿಸುತ್ತ ಎಣಿಸತೊಡಗಿದರು. ಹತ್ತು, ಇಪ್ಪತ್ತು, ಮೂವತ್ತು. ಬಿಳಿಚಿದವು ಮೂವತ್ತೇಳಕ್ಕೆ ಮುಗಿಯಬೇಕಿತ್ತು. "ಮೂವತ್ತೆಂಟು" ಎಂದರು. "ಮೂವತ್ತೊಂಬತ್ತು. ನಲವತ್ತು." ನಳಿಗೆ ಕೆಳಗಿಟ್ಟರು. ಬೋಗುಣಿಯಲ್ಲಿ ಬದುಕಿದ್ದ ಮೂರು ಉಳಿದಿದ್ದವು. ಒಟ್ಟು ನಲವತ್ತಮೂರು.

ಬಿಳಿ ದಾರದ ಬೋಗುಣಿಯನ್ನು ಎಳೆದು ಎಣಿಸಿದರು. ಮೂವತ್ತೇಳು.

"ನಿಮ್ಮ ಮನೆಯ ಬೋಗುಣಿಗಳು ಒಂದರ ಮನೆಗೆ ಇನ್ನೊಂದು ಹೋಗಿಬರುತ್ತವೆಯೇನಮ್ಮ?" ಎಂದು ಪೆನ್ನಿಗೆ ಟೋಪಿ ಹಾಕಿದರು. ಕೊಂಕಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು. ಮ್ಯಾಜಿಕ್ಕೂ ಇಲ್ಲ, ಶೋಧವೂ ಇಲ್ಲ. ಮೂರು ಮೊಟ್ಟೆ ಆಚೆಯಿಂದ ಈಚೆಗೆ ಬಂದಿದ್ದವು, ಅಷ್ಟೆ. ಮಿಕ್ಕ ಕ್ಲಾಸು ಹೇಗೆ ಮುಗಿಸಿದೆನೋ ನೆನಪಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ. "ಬೋಗುಣಿ ಮುಟ್ಟಿದ್ರಾ?"

"ಮುಟ್ಟದೆ ಏನು?" ಅತ್ತೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿತ್ತು. "ಸೋಸಿದ ನೀರು ಎರಡು ಘಳಿಗೆ ಆದ್ರೆ ಮತ್ತೆ ಸೋಸಬೇಕು. ನೀನೇನು ಬೇರೆ ಮನೇಲಿ ಹುಟ್ಟಿದವಳಾ? ಶನಿವಾರ ನೀನು ಪಾತ್ರೆ ತೊಳೀತಿದ್ದಾಗ ಒಂದು ಸಲ ಸೋಸಿದೆ, ಭಾನುವಾರ ಬೆಳಿಗ್ಗೆ ಒಂದು ಸಲ. ಮೊದಲು ಬಿಳಿ ದಾರದ್ದು, ಆಮೇಲೆ ಅದೇ ಬಟ್ಟೇಲಿ ಕೆಂಪು ದಾರದ್ದು. ಬಟ್ಟೇಲಿ ಉಳಿದ ಜೀವಾನ ಬಾವಿಗೆ ಬಿಡೋದು ಪದ್ಧತಿ. ಆದ್ರೆ ಇವು ಬಾವಿಯವಲ್ಲವಲ್ಲ, ಬೋಗುಣಿಯವು. ಅದಕ್ಕೇ ಕೊನೇಲಿ ಬಟ್ಟೇನ ಕೆಂಪು ದಾರದ ಬೋಗುಣೀಲೇ ಚೆನ್ನಾಗಿ ಜಾಲಿಸಿದೆ, ಒಂದು ಜೀವಾನೂ ಬಟ್ಟೇಲಿ ಒಣಗಬಾರದು ಅಂತ."

ಅಂಟು ಜೆಲ್ಲಿಯ ಮೂರು ಮೊಟ್ಟೆ ಬಟ್ಟೆಗೆ ಮೆತ್ತಿಕೊಂಡು ಬಿಳಿ ದಾರದಿಂದ ಕೆಂಪು ದಾರಕ್ಕೆ ಬಂದಿದ್ದವು. ಅವರು ಇದನ್ನು ಬಚ್ಚಿಟ್ಟಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದೆ ಎಂದು ಯಾರು ತಾನೇ ಬಂದು ಹೇಳುತ್ತಾರೆ? ನಾನೂ ಅದೇ ಮನೆಯವಳು. ಅವರು ಬಾವಿಯ ಬಳಿ ಬಟ್ಟೆ ಹಿಂಡುತ್ತಿದ್ದುದನ್ನು ನನ್ನ ಕಣ್ಣಾರೆ ನೋಡಿಯೂ ನನಗೆ ಹೊಳೆಯಲಿಲ್ಲ.

"ಆ ಮೂರು ಆ ಬೋಗುಣಿಯವಲ್ಲ ಅತ್ತೆಮ್ಮ" ಎಂದೆ. "ಕೆಂಪು ದಾರದವು ನಲವತ್ತೂ ನಿಂತವು. ಒಂದೂ ಉಳಿಯಲಿಲ್ಲ."

ಅವರ ಮುಖ ಸಣ್ಣದಾಯಿತು. ಅವರೂ ಎರಡು ದಿನ ಆ ಮೂರರ ಮೇಲೆ ಏನನ್ನು ಕಟ್ಟಿಕೊಂಡಿದ್ದರೆಂದು ನನಗೆ ಆಗ ತಿಳಿಯಿತು. ಜಗಳವಾಡಲು ಬಂದವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅಳುತ್ತಲೇ ಉಳಿದದ್ದನ್ನೂ ಹೇಳಿದೆ. "ಅವತ್ತು ನಾನು ಸಾಯಿಸಲ್ಲ ಅಂದೆ. ಅಟೆಂಡರ್ ಕೈಲಿ ಮಾಡಿಸಿದೆ. ಎರಡು ಗಂಡು ಸತ್ತವು."

ಬೈಗುಳಕ್ಕೆ ಕಾದೆ. ಅತ್ತೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟರು.

"ಎರಡು ಕಪ್ಪೆಗೆ ಎರಡು ಉಪವಾಸ ಆಗಬೇಕು. ಬಸುರಿ ನೀನು, ನೀನು ಮಾಡಬಾರದು. ನಾನು ಮಾಡ್ತೀನಿ. ಮಾತು ಅಂದ್ರೆ ಮಾತು. ಕೈ ಒಂದೇ, ನೀರು ಒಂದೇ, ಬಿಳಿ ದಾರದವು ನಲವತ್ತೂ ಬದುಕಿದವಲ್ಲ. ಇನ್ನು ಕಪ್ಪೆ ವಿಷಯ ನಾನು ಎತ್ತಲ್ಲ."

ಮಂಗಳವಾರ, ಬುಧವಾರ ಎರಡು ದಿನ ಅವರು ಬರೀ ಕಾಯಿಸಿದ ನೀರಿನಲ್ಲಿ ಕಳೆದರು. ಹೀಗೆ ನಾನು ಪಣ ಗೆದ್ದೆ. ಪ್ರಯೋಗವೂ ಪುಸ್ತಕದಲ್ಲಿದ್ದಂತೆಯೇ ಬಂತು. ಅಷ್ಟು ಸರಿಯಾಗಿ ಬಂದದ್ದೇ ನನ್ನನ್ನು ತಿನ್ನುತ್ತಿತ್ತು. ಬಚ್ಚಲಿನಿಂದ ಹೊರಗೆ ಬಂದಾಗ ಅತ್ತೆ ಈಗಲೂ ನನ್ನ ಮುಖ ನೋಡುವರು, ನಾನು ಈಗಲೂ ತಲೆಯಾಡಿಸುವೆ.

ಹನ್ನೆರಡನೆಯ ದಿನ ತಲೆಯಾಡಿಸಲು ಆಗಲಿಲ್ಲ.

ಅದಾದ ಮೇಲೆ ಹಾಸಿಗೆ ಬಿಟ್ಟೆದ್ದ ಬೆಳಿಗ್ಗೆ ಅತ್ತೆ ಗಂಜಿಯ ಬಟ್ಟಲು ಕೈಗೆ ಕೊಟ್ಟು, ಹೋದ ವರ್ಷದ ಹಾಗೆಯೇ ಎದುರಿಗೆ ಕೂತರು. ನಾನು ಬಟ್ಟಲನ್ನು ಬಿಗಿಯಾಗಿ ಹಿಡಿದುಕೊಂಡೆ. ಅವರು ಕೊಟ್ಟ ಮಾತು ನನಗೆ ನೆನಪಿತ್ತು. ಆದರೆ ಮಾತು ಕೊಟ್ಟಾಗ ಮಗು ಇತ್ತು. ಕೇಳಿದರೆ ಹೇಳಿಬಿಡೋಣವೆಂದು ಆ ವರ್ಷದ ಕಪ್ಪೆಗಳ ಲೆಕ್ಕ ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದೆ. ಅವರು ನನ್ನ ಬಲಗೈಯನ್ನು, ಕೊಯ್ಯುವ ಆ ಕೈಯನ್ನೇ, ಬಟ್ಟಲಿನಿಂದ ಬಿಡಿಸಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ನೀನು ಕಟ್ಟಿಕೊಟ್ಟ ಬುತ್ತಿ ಸರಿಯಾಗೇ ಇತ್ತು ಕಣಮ್ಮ" ಎಂದರು. "ಒಲೆ ಅದೇ ಹಚ್ಕೋಬೇಕಿತ್ತು. ಹತ್ತಲಿಲ್ಲ. ನೀನೇನು ಮಾಡ್ತೀಯ?"

ಎರಡು ವರ್ಷದಿಂದ ಯಾರಾದರೂ ಒಬ್ಬರು ಈ ಮಾತು ಹೇಳಲಿ ಎಂದು ಕಾದಿದ್ದೆ. ಅದು ಅವರ ಬಾಯಿಂದ ಬರುತ್ತದೆಂದು ಅಂದುಕೊಂಡಿರಲಿಲ್ಲ. ಗಂಜಿ ಆರಿತು. ಅವರು ಬಿಸಿಮಾಡಿಕೊಂಡು ಬಂದರು, ಅದೂ ಆರಿತು.

ದೇವರ ಪೆಟ್ಟಿಗೆಯ ಕೆಳಗಿದ್ದ ಕಾಗದ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಂದಿನ ಸೋಮವಾರ ನಾನು ಸೀರೆಗೆ ಪಿನ್ನು ಹಾಕಿಕೊಂಡು ಹೊರಗೆ ಬಂದಾಗ ಅವರು ಬಾಗಿಲಲ್ಲಿ ನನ್ನ ಬುತ್ತಿಯ ಡಬ್ಬಿ ಹಿಡಿದು ನಿಂತಿದ್ದರು.

"ಹೊತ್ತು ಮುಳುಗೋದ್ರೊಳಗೆ ಬಂದುಬಿಡು, ಊಟಕ್ಕೆ ಕಾಯ್ತಿರ್ತೀನಿ" ಎಂದರು.